ಬಳ್ಳಾರಿ ಬಿಸಿಲಿಗೆ ಚರ್ಮದ ಕಾಳಜಿ

ಬೇಸಿಗೆಯಲ್ಲಿ ನಮ್ಮ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಕೋಟೆ ಗುಡ್ಡದ ಬಂಡೆಗಳು ಹಗಲೆಲ್ಲ ಹೀರಿದ ಕಾವನ್ನು ಸಂಜೆಯೂ ಹೊರಸೂಸುತ್ತವೆ. ಕುರುಗೋಡಿನ ಕಲ್ಲುಗುಡ್ಡಗಳ ಕೆಳಗೂ, ಸಿರುಗುಪ್ಪದ ಗದ್ದೆ ಬದುಗಳ ಮೇಲೂ ದುಡಿಯುವವರ ಚರ್ಮವೇ ಆ ಬಿಸಿಲಿಗೆ ಮೊದಲು ಒಡ್ಡಿಕೊಳ್ಳುವುದು. ಅದಕ್ಕೇ ಈ ಕಿವಿಮಾತು.

ಹೊಲದ ಕೆಲಸವನ್ನು ಆದಷ್ಟು ಬೆಳಗಿನ ತಂಪಿನಲ್ಲೇ ಮುಗಿಸಿ. 11ರಿಂದ 4ರವರೆಗೆ ನೆರಳು ಹುಡುಕಿಕೊಳ್ಳಿ. ತಲೆಗೆ ಟವೆಲ್, ಮೈಗೆ ತುಂಬು ತೋಳಿನ ಸಡಿಲ ಹತ್ತಿ ಬಟ್ಟೆ ಇರಲಿ. ಸನ್‌ಸ್ಕ್ರೀನ್ ಬಳಸುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ಆರಿಸಿ, ಹೊರಗಿರುವಾಗ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ.

ಬೆವರಿನ ರಂಧ್ರ ಕಟ್ಟಿಕೊಂಡಾಗ ಬೆವರುಸಾಲೆ ಏಳುತ್ತದೆ. ತಣ್ಣೀರಿನ ಸ್ನಾನ, ಗಾಳಿಯಾಡುವ ಬಟ್ಟೆಯೇ ಅದಕ್ಕೆ ಮದ್ದು. ಎಣ್ಣೆ, ದಪ್ಪ ಕ್ರೀಮು ಬೇಡ. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಲೇಬೇಡಿ, ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ತೊಡೆಸಂದಿಯಲ್ಲಿ ಹುಳುಕಡ್ಡಿ ಕಂಡರೆ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ. ತುರಿಕೆ ಅಡಗಿದಂತೆ ಕಂಡರೂ ಸೋಂಕು ಹಬ್ಬುತ್ತದೆ. ವೈದ್ಯರಿಗೆ ತೋರಿಸಿ.

ಬಾಯಾರುವ ಮುನ್ನವೇ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಮೈ ಕೆಂಡದಂತೆ ಸುಡುತ್ತ ಮಾತು ತಡವರಿಸಿದರೆ ಅದು ಬಿಸಿಲಿನ ಹೊಡೆತ: ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿಯುತ್ತ, 108ಕ್ಕೆ ಕರೆ ಮಾಡಿ.

ಬಿಸಿಲನ್ನು ನಾವು ತಡೆಯಲಾರೆವು. ಮೈಯನ್ನು ಖಂಡಿತ ಕಾಯ್ದುಕೊಳ್ಳಬಹುದು.