ಗುಡ್ಡಕ್ಕೂ ಸೈ, ಹೆದ್ದಾರಿಗೂ ಸೈ: ಫೋರ್ ವೀಲ್ ಡ್ರೈವ್ ಟಯರಿಗೆ ಹನ್ನೆರಡು ಸೂತ್ರಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಫೋರ್ ವೀಲ್ ಡ್ರೈವ್ ಬರೀ ಷೋಕಿಯ ವಾಹನವಲ್ಲ. ಗುಡ್ಡದ ತುದಿಯ ರಬ್ಬರ್ ತೋಟಕ್ಕೆ ಗೊಬ್ಬರ ಹೋಗುವುದು ಅದರಲ್ಲಿ, ಮಳೆಗಾಲದಲ್ಲಿ ತೋಡು ದಾಟಿ ರೋಗಿಯನ್ನು ಆಸ್ಪತ್ರೆಗೆ ತರುವುದೂ ಅದರಲ್ಲೇ. ಹಾಗಾಗಿ ದೊಡ್ಡ ಬಟನ್‌ನ ಆಫ್‌ರೋಡ್ ಟಯರು ಹಾಕಿಸುವ ಆಸೆ ಸಹಜ. ಆದರೆ ಅದೇ ವಾಹನ ದಿನವೂ ಬಿ.ಸಿ.ರೋಡ್, ಉಜಿರೆ, ಮಂಗಳೂರು ಎಂದು ಡಾಂಬರಿನ ಮೇಲೂ ಓಡಬೇಕು. ಟಯರು ಬದಲಿಸಿದ ತಿಂಗಳೊಳಗೆ ಎರಡು ದೂರು ಶುರುವಾಗುತ್ತವೆ: ಒಳಗೆ ಕುಳಿತರೆ ಗೊಂಯ್ ಎನ್ನುವ ಸದ್ದು, ಬಂಕಿನಲ್ಲಿ ಏರಿದ ಬಿಲ್ಲು. ಎರಡಕ್ಕೂ ಮದ್ದಿದೆ. ಕಷ್ಟದ ನೂರು ಮೀಟರನ್ನಷ್ಟೇ ಕಣ್ಮುಂದೆ ಇಟ್ಟುಕೊಂಡು ಟಯರು ಕೊಳ್ಳಬೇಡಿ, ಇಡೀ ತಿಂಗಳ ಓಟ ನೋಡಿ ಕೊಳ್ಳಿ. ಉಳಿದ ಸೂತ್ರಗಳೆಲ್ಲ ಈ ಮಾತಿನ ಬೆನ್ನಿಗೇ ಬರುತ್ತವೆ.

1. ಮೊದಲು ಲೆಕ್ಕ, ಆಮೇಲೆ ಅಂಗಡಿ

ಒಂದು ತಿಂಗಳು ಪುಟ್ಟ ಪುಸ್ತಕವೊಂದನ್ನು ಗಾಡಿಯಲ್ಲಿಡಿ. ಡಾಂಬರು ಮತ್ತು ಕಾಂಕ್ರೀಟಿನಲ್ಲಿ ಎಷ್ಟು ಕಿಲೋಮೀಟರ್, ಚರಳು ಮಣ್ಣಿನಲ್ಲಿ ಎಷ್ಟು, ನಿಜವಾದ ಕೆಸರಿನಲ್ಲಿ ಎಷ್ಟು ಎಂದು ಬರೆಯಿರಿ. ಮನೆಯ ಏರುದಾರಿಗೆ ಕಾಂಕ್ರೀಟು ಬಿದ್ದಿದ್ದರೆ ಕೆಸರಿನ ಪಾಲು ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಬರಬಹುದು. ದಿನವೂ ತೋಟದೊಳಗೆ ಇಳಿಯುವವರಿಗೆ ಹೆಚ್ಚೇ ಬರಬಹುದು. ಪಕ್ಕದ ಮನೆಯವರ ಗಾಡಿಗೆ ಒಪ್ಪಿದ ಟಯರು ನಿಮ್ಮ ಗಾಡಿಗೆ ಒಪ್ಪಬೇಕೆಂದಿಲ್ಲ. ತೀರ್ಮಾನ ಪುಸ್ತಕದ್ದಾಗಲಿ.

2. ಮೂರು ಜಾತಿ ತಿಳಿದಿರಲಿ

ಹೈವೇ ಟೆರೇನ್ (ಎಚ್‌ಟಿ) ಟಯರಿನಲ್ಲಿ ಬಟನ್ ಒತ್ತೊತ್ತಾಗಿರುತ್ತದೆ. ಸದ್ದು ಕಡಿಮೆ, ಮೈಲೇಜ್ ಚೆನ್ನ, ಕೆಸರಿನಲ್ಲಿ ಬೇಗ ಕೈಕೊಡುತ್ತದೆ. ಮಡ್ ಟೆರೇನ್ (ಎಂಟಿ) ಟಯರಿನಲ್ಲಿ ದೊಡ್ಡ ಬಟನ್, ಅಗಲ ಸಂದು. ಕೆಸರನ್ನು ಹೊರಗೆಸೆದು ಮುಂದೆ ಎಳೆಯುತ್ತದೆ, ಹೆದ್ದಾರಿಯಲ್ಲಿ ಕೂಗುತ್ತದೆ. ನಡುವಿನದು ಆಲ್ ಟೆರೇನ್ (ಎಟಿ). ಪುಸ್ತಕದಲ್ಲಿ ಡಾಂಬರಿನ ಪಾಲು ನೂರಕ್ಕೆ ಎಂಬತ್ತು ದಾಟಿದ್ದರೆ ಎಟಿ ಸಾಕು. ಯುರೋಪಿನ ಟಯರ್ ಲೇಬಲ್ ಪದ್ಧತಿಯು ವೃತ್ತಿಪರ ಆಫ್‌ರೋಡ್ ಟಯರುಗಳನ್ನು ಹೊರಗೇ ಇಟ್ಟಿದೆ. ಕನಿಷ್ಠ 11 ಮಿ.ಮೀ. ಆಳ, ಮೈಯ ಶೇ 35ರಷ್ಟಾದರೂ ಸಂದು, ಗಂಟೆಗೆ 160 ಕಿ.ಮೀ. ಮೀರದ ವೇಗಮಿತಿ ಇದ್ದರೆ ಅವು ಆ ಗುಂಪಿಗೆ ಸೇರುತ್ತವೆ. ಅಂಥ ಟಯರಿನಿಂದ ಕಾರಿನ ಮೌನ ನಿರೀಕ್ಷಿಸಬಾರದು.

3. ಸದ್ದು, ಇಂಧನ ಎರಡರ ಬೇರನ್ನೂ ಹಿಡಿಯಿರಿ

ಚಕ್ರ ಉರುಳುವಾಗ ಪ್ರತಿ ಬಟನ್ ರಸ್ತೆಗೆ ಬಡಿಯುತ್ತದೆ, ಸಂದಿನಲ್ಲಿ ಸಿಕ್ಕ ಗಾಳಿ ಹಿಂಡಿಕೊಂಡು ಹೊರಗೆ ಚಿಮ್ಮುತ್ತದೆ. ಇವೆರಡೂ ಕೂಡಿದ್ದೇ ನೀವು ಕೇಳುವ ಗೊಂಯ್. ಒಳ್ಳೆಯ ತಯಾರಕರು ಬಟನ್‌ಗಳನ್ನು ಬೇರೆ ಬೇರೆ ಅಳತೆಯಲ್ಲಿ ಜೋಡಿಸಿ ಆ ಒಂದೇ ಸ್ವರವನ್ನು ಒಡೆಯುತ್ತಾರೆ. ಕೊಳ್ಳುವಾಗ ಟಯರನ್ನು ಸುತ್ತ ತಿರುಗಿಸಿ ನೋಡಿ. ಬಟನ್‌ಗಳೆಲ್ಲ ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿದ್ದರೆ ಸದ್ದು ಜಾಸ್ತಿ ಎಂದು ತಿಳಿಯಿರಿ.

ಇಂಧನದ ಕಥೆಯೂ ಅದೇ ಬಟನ್‌ನದು. ಎತ್ತರದ ರಬ್ಬರು ಪ್ರತಿ ಸುತ್ತಿನಲ್ಲೂ ಬಾಗಿ, ನೆಟ್ಟಗಾಗಿ, ಬಿಸಿಯಾಗುತ್ತದೆ. ಆ ಬಿಸಿ ನಿಮ್ಮ ಟ್ಯಾಂಕಿನಿಂದ ಹೋದ ಡೀಸೆಲ್. ಉರುಳುವ ಟಯರಿನ ಪ್ರತಿರೋಧ ಶೇ 10 ಹೆಚ್ಚಿದರೆ ಇಂಧನ ಬಳಕೆ ಸುಮಾರು ಶೇ 1ರಿಂದ 2 ಹೆಚ್ಚುತ್ತದೆ. ನಮ್ಮ ದೇಶದಲ್ಲೂ ಈ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಮತ್ತು ಉರುಳುವ ಸದ್ದಿಗೆ ಎಐಎಸ್-142 ಎಂಬ ಮಾನದಂಡವಿದೆ. ಹೊಸ ವಿನ್ಯಾಸದ ಟಯರುಗಳಿಗೆ ಅದು 2022ರ ಅಕ್ಟೋಬರ್ 1ರಿಂದ ಅನ್ವಯ. ಇಂಧನ ದಕ್ಷತಾ ಬ್ಯೂರೋದ ಸ್ಟಾರ್ ಲೇಬಲ್ ಟಯರುಗಳಿಗೂ ಬಂದಿದೆ. ಅಂಗಡಿಯಲ್ಲಿ ಬೆಲೆ ಕೇಳಿದಷ್ಟೇ ಸಹಜವಾಗಿ ಸ್ಟಾರ್ ಎಷ್ಟೆಂದೂ ಕೇಳಿ.

4. ಅಳತೆ ಹಿಗ್ಗಿಸುವ ಮುನ್ನ ಗುಣಿಸಿ ನೋಡಿ

ಥಾರ್‌ನ ಕೆಲವು ಮಾದರಿಗಳಿಗೆ ಬರುವ 245/75 ಆರ್16 ಟಯರಿನ ಎತ್ತರ ಸುಮಾರು 774 ಮಿ.ಮೀ. ಅದರ ಬದಲು 265/75 ಆರ್16 ಹಾಕಿದರೆ 804 ಮಿ.ಮೀ. ಹೆಚ್ಚಿದ್ದು ಬರೀ 30 ಮಿ.ಮೀ. ಅನ್ನಿಸುತ್ತದೆ, ಆದರೆ ಸುತ್ತಳತೆ ಶೇ 3.9 ಏರಿತು. ಅಂದರೆ ಎಲ್ಲ ಗೇರೂ ಅಷ್ಟು ಭಾರವಾದವು. ಚಾರ್ಮಾಡಿಯ ತಿರುವಿನಲ್ಲಿ ಮೂರನೇ ಗೇರಿನಲ್ಲಿ ಏರುತ್ತಿದ್ದ ಗಾಡಿ ಎರಡಕ್ಕೆ ಇಳಿಯಬೇಕಾಗಬಹುದು. ಟಯರಿನ ತೂಕವೂ ಏರುವುದರಿಂದ ಪ್ರತಿ ಸಲ ನಿಂತು ಹೊರಡುವಾಗ ಹೆಚ್ಚು ಇಂಧನ ಬೇಕು. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದೂ ನೆನಪಿರಲಿ. ಕಂಪನಿ ಕೊಟ್ಟ ಅಳತೆಯಲ್ಲೇ ಒಳ್ಳೆಯ ಎಟಿ ಟಯರು ಸಿಗುತ್ತದೆ.

5. ಮೈಲೇಜನ್ನು ಸರಿಯಾಗಿ ಅಳೆಯಿರಿ

ಟಯರು ಬದಲಿಸುವ ಮೊದಲು ಮತ್ತು ನಂತರ, ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಅದೇ ರಸ್ತೆಯಲ್ಲಿ ಓಡಿಸಿ, ಮತ್ತೆ ಫುಲ್ ಮಾಡಿಸಿ ಭಾಗಿಸಿ. ದೊಡ್ಡ ಟಯರಿದ್ದರೆ ಮೀಟರು ಕಡಿಮೆ ದೂರ ತೋರಿಸುತ್ತದೆ. ಮೇಲಿನ ಉದಾಹರಣೆಯಲ್ಲೇ ನೋಡಿ: ಮೀಟರಿನಲ್ಲಿ 386 ಕಿ.ಮೀ., ಹಾಕಿಸಿದ್ದು 36 ಲೀಟರು. ಮೈಲೇಜ್ 10.7 ಅನ್ನಿಸುತ್ತದೆ. ನಿಜವಾಗಿ ಓಡಿದ್ದು 401 ಕಿ.ಮೀ., ಮೈಲೇಜ್ 11.1. ಸ್ಪೀಡೋಮೀಟರೂ ಅದೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತದೆ, ವೇಗಮಿತಿಯ ಫಲಕದ ಎದುರು ಇದು ಗಮನದಲ್ಲಿರಲಿ.

ಆದರೂ ನಿಜವಾದ ಇಳಿಕೆಯನ್ನು ಹಗುರವಾಗಿ ಕಾಣಬೇಡಿ. ವರ್ಷಕ್ಕೆ 15,000 ಕಿ.ಮೀ. ಓಡುವ ಗಾಡಿಯ ಮೈಲೇಜ್ 12ರಿಂದ 11ಕ್ಕೆ ಇಳಿದರೆ ಸುಮಾರು 114 ಲೀಟರು ಹೆಚ್ಚು ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ ಹತ್ತು ಸಾವಿರ ದಾಟಿತು.

6. ಗಾಳಿಯೇ ಅತಿ ಅಗ್ಗದ ಮದ್ದು

ನಾಲ್ಕೂ ಟಯರಿನಲ್ಲಿ ಗಾಳಿ ಕಡಿಮೆಯಾದರೆ, ಇಳಿದ ಒಂದೊಂದು ಪಿಎಸ್‌ಐಗೆ ಮೈಲೇಜ್ ಸುಮಾರು ಶೇ 0.2 ಇಳಿಯುತ್ತದೆ. ಹತ್ತು ಪಿಎಸ್‌ಐ ಕಡಿಮೆ ಇಟ್ಟು ತಿಂಗಳುಗಟ್ಟಲೆ ಓಡಿಸುವವರು ಎಷ್ಟು ಕಳೆದುಕೊಳ್ಳುತ್ತಾರೆಂದು ನೀವೇ ಲೆಕ್ಕ ಹಾಕಿ. ಗಾಳಿ ನೋಡುವುದು ಬೆಳಿಗ್ಗೆ, ಟಯರು ತಣ್ಣಗಿರುವಾಗ. ಟಯರಿನ ಮೇಲೆ ‘ಎಲ್‌ಟಿ’ ಎಂದಿದ್ದರೆ ಬಾಗಿಲ ಅಂಚಿನ ಸ್ಟಿಕ್ಕರಿನಲ್ಲಿರುವುದಕ್ಕಿಂತ ಸ್ವಲ್ಪ ಹೆಚ್ಚು ಗಾಳಿ ಬೇಕಾಗುತ್ತದೆ.

ಎಷ್ಟು ಸರಿ ಎಂದು ತಿಳಿಯಲು ಒಂದು ಸೀಮೆಸುಣ್ಣ ಸಾಕು. ಟಯರಿನ ಮೈಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪ ಗೆರೆ ಎಳೆಯಿರಿ. ಸಮತಟ್ಟಾದ ಕಾಂಕ್ರೀಟಿನ ಮೇಲೆ ಗಾಡಿಯನ್ನು ನೇರವಾಗಿ ಒಂದಷ್ಟು ದೂರ ಓಡಿಸಿ, ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು. ಅಂಚುಗಳು ಮಾತ್ರ ಅಳಿಸಿದ್ದರೆ ಕಡಿಮೆ. ಗೆರೆ ಪೂರ್ತಿ ಸಮವಾಗಿ ಅಳಿಸಿದ್ದರೆ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ. ಗಾಡಿಯಲ್ಲಿ ಅಡಿಕೆ ಮೂಟೆ ತುಂಬಿದಾಗ ಬೇಕಾದ ಸಂಖ್ಯೆ ಬೇರೆ, ಅದನ್ನೂ ಬರೆಯಿರಿ.

7. ಕೆಸರಿಗೆ ಇಳಿಸಿ, ಡಾಂಬರಿಗೆ ಏರಿಸಿ

ಎಟಿ ಟಯರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಅದು ನೆಲಕ್ಕೆ ಅಗಲವಾಗಿ ಒರಗಿ ಹಿಡಿಯುತ್ತದೆ. ಎಂಟಿಯೇ ಬೇಕು ಎನಿಸಿದ್ದ ಎಷ್ಟೋ ಏರುಗಳು ಹೀಗೆ ದಾಟುತ್ತವೆ. ಆದರೆ ಆ ಗಾಳಿಯಲ್ಲೇ ಹೆದ್ದಾರಿಗೆ ಏರಬಾರದು. ಟಯರು ಬಿಸಿಯೇರಿ ಒಳಗೇ ಹಾಳಾಗುತ್ತದೆ. ಬ್ಯಾಟರಿಯಿಂದ ಓಡುವ ಸಣ್ಣ ಗಾಳಿ ಪಂಪು ಮತ್ತು ಒಂದು ಗೇಜು ಗಾಡಿಯಲ್ಲಿರಲಿ. ಎಂಟಿ ಟಯರಿನ ಒಂದು ಸೆಟ್ಟಿನ ಮುಂದೆ ಅವೆರಡರ ಬೆಲೆ ಏನೂ ಅಲ್ಲ.

8. ಅಂಗೈಯಿಂದ ಟಯರು ಓದಿ

ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಟಯರಿನ ಮೈಮೇಲೆ ಅಂಗೈಯನ್ನು ಮೆಲ್ಲಗೆ ಹಿಂದಿನಿಂದ ಮುಂದಕ್ಕೆ, ಮತ್ತೆ ಮುಂದಿನಿಂದ ಹಿಂದಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಡೆದರೆ ಬಟನ್‌ಗಳ ಒಂದು ಅಂಚು ಹೆಚ್ಚು ಸವೆದಿದೆ ಎಂದರ್ಥ. ಹೊಸದರಲ್ಲಿ ಮೌನವಾಗಿದ್ದ ಟಯರು ವರ್ಷ ಕಳೆಯುವಾಗ ಕೂಗತೊಡಗಲು ಇದೇ ಮುಖ್ಯ ಕಾರಣ.

ಮದ್ದು ಸುಲಭ. ಐದು ಸಾವಿರ ಕಿ.ಮೀ.ಗೊಮ್ಮೆ ಟಯರುಗಳನ್ನು ಅದಲುಬದಲು ಮಾಡಿಸಿ, ಸ್ಟೆಪ್ನಿಯೂ ಅದೇ ಟಯರಾಗಿದ್ದರೆ ಅದನ್ನೂ ಸರದಿಗೆ ಸೇರಿಸಿ. ಹೊಂಡಕ್ಕೆ ಜೋರಾಗಿ ಬಿದ್ದಾಗಲೆಲ್ಲ ವೀಲ್ ಅಲೈನ್‌ಮೆಂಟ್ ನೋಡಿಸಿ. ಕೆಸರಿನಲ್ಲಿ ಓಡಿಸಿದ ಮರುದಿನ ರಿಮ್ಮಿನ ಒಳಬದಿಗೂ ನೀರು ಹಾಯಿಸಿ. ಅಲ್ಲಿ ಒಣಗಿ ಕುಳಿತ ಮಣ್ಣು ಬ್ಯಾಲೆನ್ಸ್ ತಪ್ಪಿಸಿ ಸ್ಟೀರಿಂಗ್ ನಡುಗಿಸುತ್ತದೆ.

9. ಯಾವ ಸದ್ದು ಯಾರದೆಂದು ಗುರುತಿಸಿ

ಎಲ್ಲ ಗೊಂಯ್ ಟಯರಿನದಲ್ಲ. ಖಾಲಿ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿ. ಒಂದು ಬದಿಗೆ ವಾಲಿಸಿದಾಗ ಸದ್ದು ಏರಿ ಇನ್ನೊಂದು ಬದಿಗೆ ತಗ್ಗಿದರೆ ಚಕ್ರದ ಬೇರಿಂಗಿನ ಮೇಲೆ ಸಂಶಯ ಪಡಿ, ಅಂದೇ ಮೆಕ್ಯಾನಿಕ್‌ಗೆ ತೋರಿಸಿ. ರಸ್ತೆಯ ಮೈ ಬದಲಾದಾಗ ಸದ್ದೂ ಬದಲಾದರೆ ಅದು ಟಯರಿನದು. ಡಾಂಬರಿನಿಂದ ಕಾಂಕ್ರೀಟಿಗೆ ಏರುವ ಜಾಗ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿರುತ್ತದೆ.

10. ಒಣ ಡಾಂಬರಿನಲ್ಲಿ ಎರಡೇ ಚಕ್ರದ ಎಳೆತ

ಥಾರ್, ಜಿಮ್ನಿ, ಹಳೆಯ ಜಿಪ್ಸಿಗಳಲ್ಲಿರುವುದು ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್ ಡ್ರೈವ್. ಒಣ ರಸ್ತೆಯಲ್ಲಿ ಅದನ್ನು ಹಾಕಿ ತಿರುಗಿಸಿದರೆ ಮುಂದಿನ, ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡುತ್ತವೆ. ಟಯರು ಸವೆಯುತ್ತದೆ, ಇಂಧನ ಹೋಗುತ್ತದೆ, ಗೇರಿನ ಹಲ್ಲುಗಳಿಗೂ ಪೆಟ್ಟು. ಮಣ್ಣಿನಿಂದ ಹೊರಗೆ ಬಂದ ಕೂಡಲೇ ಟು ಹೈಗೆ (ಎರಡು ಚಕ್ರದ ಎಳೆತಕ್ಕೆ) ಹಾಕಿ. ಕೈಯಿಂದ ತಿರುಗಿಸುವ ಹಬ್ ಲಾಕ್ ಇರುವ ಹಳೆಯ ಗಾಡಿಯಾದರೆ ಅದನ್ನೂ ಬಿಡಿಸಿ. ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆಯ ಟಯರನ್ನು ಯಾವತ್ತೂ ಹಾಕಬೇಡಿ.

11. ಮಳೆಗಾಲದ ಹೊಸ್ತಿಲಾದ ಪತ್ತನಾಜೆಗೆ ಮುನ್ನ ತಯಾರಾಗಿ

2019ರ ಆಗಸ್ಟಿನ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು, ಬೆಳ್ತಂಗಡಿಯ ಹಲವು ಹಳ್ಳಿಗಳ ದಾರಿಯೇ ಕೊಚ್ಚಿಹೋದದ್ದನ್ನು ನಾವು ಕಂಡಿದ್ದೇವೆ. ನಮ್ಮಲ್ಲಿ ಹಿಡಿತದ ಟಯರು ಜೀವ ಉಳಿಸುವ ಸಾಧನ. ಆದರೆ ಕೆಸರಿನಲ್ಲಿ ಹಿಡಿಯುವ ಎಂಟಿ ಒದ್ದೆ ಡಾಂಬರಿನಲ್ಲಿ ಜಾರಬಹುದು. ಬಟನ್ ದೊಡ್ಡದಿದ್ದರೂ ರಸ್ತೆಗೆ ತಾಗುವ ರಬ್ಬರು ಕಡಿಮೆ, ನೀರನ್ನು ಕತ್ತರಿಸುವ ಸಣ್ಣ ಸೀಳುಗಳೂ ಕಡಿಮೆ. ಆದ್ದರಿಂದ ಒದ್ದೆ ರಸ್ತೆಯಲ್ಲಿ ಅಂತರ ಹೆಚ್ಚಿಡಿ. ಕಾನೂನಿನ ಕನಿಷ್ಠ ಆಳ 1.6 ಮಿ.ಮೀ., ನಮ್ಮ ಮಳೆಗೆ ಅಷ್ಟರವರೆಗೆ ಕಾಯಬೇಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯಿರುತ್ತದೆ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಸ್ಟಾಕು ಬೇಡ.

ದಿನವೂ ತೋಟದ ಕೆಸರು ತಪ್ಪದವರಿಗೆ ಎರಡು ಸೆಟ್ ಒಳ್ಳೆಯ ಹೂಡಿಕೆ: ಪತ್ತನಾಜೆಯಿಂದ ದೀಪಾವಳಿವರೆಗೆ ರಿಮ್ ಸಮೇತ ಎಂಟಿ, ಉಳಿದ ತಿಂಗಳುಗಳಿಗೆ ಎಚ್‌ಟಿ ಅಥವಾ ಎಟಿ. ಖರ್ಚು ಮೊದಲಿಗೆ ಹೆಚ್ಚೆನಿಸಿದರೂ ಎರಡೂ ಸೆಟ್ ಅಷ್ಟು ಹೆಚ್ಚು ಕಾಲ ಬರುತ್ತವೆ.

12. ಕಾಲು ಹಗುರ, ಕಿವಿ ಚುರುಕು

ವೇಗ ಇಮ್ಮಡಿಯಾದರೆ ಟಯರಿನ ಸದ್ದು ಸುಮಾರು 9ರಿಂದ 12 ಡೆಸಿಬಲ್ ಏರುತ್ತದೆ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸದ್ದು ಹತ್ತಿರಹತ್ತಿರ ಎರಡು ಪಟ್ಟು ಅನ್ನಿಸುತ್ತದೆ. ಗಾಳಿಯ ತಡೆಯೂ ವೇಗದ ವರ್ಗದಷ್ಟು ಏರುವುದರಿಂದ, 90ರ ಬದಲು 70ರಲ್ಲಿ ಹೋದರೆ ಸದ್ದೂ ಬಿಲ್ಲೂ ಒಟ್ಟಿಗೇ ಇಳಿಯುತ್ತವೆ. ಬೇಡದ ರೂಫ್ ಕ್ಯಾರಿಯರ್ ಇದ್ದರೆ ಕಳಚಿಡಿ.

ಕಡಿಮೆ ಸದ್ದಿನಲ್ಲಿ ಸುರಕ್ಷೆಯೂ ಇದೆ. ಘಾಟಿಯ ತಿರುವಿನಾಚೆ ಬರುವ ಬಸ್ಸಿನ ಹಾರನ್ ಕೇಳಬೇಕು. ರಾತ್ರಿ ಮೂಡುಬಿದಿರೆಯಲ್ಲಿ ರಸ್ತೆಬದಿಯ ಮನೆಗಳವರು, ಪರೀಕ್ಷೆಗೆ ಓದುವ ಹಾಸ್ಟೆಲ್ ಮಕ್ಕಳು ನೆಮ್ಮದಿಯಾಗಿರಬೇಕು. ಪೇಟೆಯೊಳಗೆ 40ರ ಕೆಳಗೆ ಓಡಿಸಿದರೆ ಎಂಟಿ ಟಯರೂ ತಗ್ಗಿದ ದನಿಯಲ್ಲೇ ಸಾಗುತ್ತದೆ.

ಈ ಭಾನುವಾರವೇ ಶುರುಮಾಡಿ

ಹನ್ನೆರಡನ್ನೂ ಒಂದೇ ದಿನ ಮಾಡಬೇಕಿಲ್ಲ. ಬೆಳಿಗ್ಗೆ ತಣ್ಣಗಿನ ಟಯರಿಗೆ ಗೇಜು ಹಿಡಿಯಿರಿ, ಅಂಗೈಯಿಂದ ಮೈ ಸವರಿ, ಪುಸ್ತಕದ ಮೊದಲ ಪುಟ ತೆರೆಯಿರಿ. ಹೊಸ ಟಯರಿಗೆ ದುಡ್ಡು ಹಾಕುವ ಮೊದಲೇ ಸದ್ದು, ಖರ್ಚು ಎರಡೂ ಒಂದಿಷ್ಟು ಇಳಿಯುತ್ತವೆ. ಮುಂದೆ ಟಯರು ಕೊಳ್ಳುವ ದಿನ ಬಂದಾಗ ಅಂಗಡಿಯವರ ಮಾತಿಗಿಂತ ಗಟ್ಟಿಯಾದ ಆಧಾರ ನಿಮ್ಮ ಕೈಯಲ್ಲಿರುತ್ತದೆ.