ಆಕಾಶಮಾರ್ಗದಲ್ಲಿ ಸ್ಕೇಟ್‌ಬೋರ್ಡು

ಎಂಬತ್ತು ಕಿಲೋ ತೂಕದ ಮನುಷ್ಯನು ನಾಲ್ಕಾರು ಮೆಟ್ಟಿಲುಗಳ ಮೇಲಿನಿಂದ ಹಾರಿಬಂದು ತನ್ನ ಮೇಲೆ ನಿಂತರೂ ಬಾಗಿ, ನರಳಿ, ಮತ್ತೆ ನೆಟ್ಟಗಾಗುವ ಸ್ಕೇಟ್‌ಬೋರ್ಡು, ವಿಮಾನದ ಉದರದಲ್ಲಿ ಹತ್ತು ಹನ್ನೆರಡು ಗಂಟೆಗಳ ಕಾಲ ನಿಶ್ಚಲವಾಗಿ ಮಲಗಿ ಬಂದ ಮಾತ್ರಕ್ಕೆ ಬಿರುಕುಬಿಟ್ಟು ಕೈಸೇರುವುದುಂಟೆಂದರೆ ಆ ಆಟವನ್ನು ಬಲ್ಲವರೇ ಮೊದಲು ನಂಬುವುದಿಲ್ಲ. ಆದರೆ ಅದರ ರಚನೆಯನ್ನು ಕೊಂಚ ವಿಚಾರಮಾಡಿ ನೋಡಿದರೆ ಇದರಲ್ಲಿ ಸೋಜಿಗವೇನೂ ಉಳಿಯದು. ಮೇಪಲ್ ಮರದ ಏಳು ತೆಳುಪದರಗಳನ್ನು, ಸಾಮಾನ್ಯವಾಗಿ ಐದರ ಎಳೆ ಉದ್ದಕ್ಕೂ ಎರಡರ ಎಳೆ ಅಡ್ಡಕ್ಕೂ ಬರುವಂತೆ ಅಂಟಿನಿಂದ ಕೂಡಿಸಿ, ಅಚ್ಚಿನಲ್ಲಿ ಒತ್ತಿ, ಎರಡು ತುದಿಗಳನ್ನು ಮೇಲಕ್ಕೆ ಬಾಗಿಸಿದ ಈ ಹಲಗೆಯ ಬಲವೆಲ್ಲ ಮೇಲಿನಿಂದ ಕೆಳಕ್ಕೆ ಬೀಳುವ ಭಾರವನ್ನು ಹೊರುವುದರಲ್ಲಿದೆ. ತುದಿಯ ಅಂಚಿನ ಮೇಲೆ, ಅಥವಾ ಪಕ್ಕದಿಂದ, ಬಿದ್ದ ಪೆಟ್ಟನ್ನು ಸಹಿಸುವ ಶಕ್ತಿ ಅದಕ್ಕೆ ಅಷ್ಟಕ್ಕಷ್ಟೆ. ವಿಮಾನನಿಲ್ದಾಣದ ಸಾಮಾನಿನ ವ್ಯವಸ್ಥೆಯಲ್ಲಿ ಬೀಳುವ ಪೆಟ್ಟುಗಳಾದರೋ ಬಹುಮಟ್ಟಿಗೆ ಈ ಎರಡನೆಯ ಜಾತಿಯವು. ಇದನ್ನು ಅರಿತುಕೊಂಡವನಿಗೆ ಹತ್ತಿಯನ್ನೂ ಸ್ಪಂಜನ್ನೂ ಸುತ್ತುವುದಕ್ಕಿಂತ ಮುಂಚೆ ಮಾಡಬೇಕಾದ ಕೆಲಸಗಳು ಬೇರೆಯೇ ಇವೆಯೆಂಬುದು ತಾನಾಗಿ ಹೊಳೆಯುತ್ತದೆ.

ವಿದ್ಯಾರ್ಥಿದೆಸೆಯಲ್ಲಿ ಪರದೇಶದಲ್ಲಿದ್ದಾಗ ಅಂಟಿಕೊಂಡ ಈ ಹವ್ಯಾಸ, ತಲೆ ನರೆತು ಕಾಲೇಜಿನಲ್ಲಿ ಪಾಠ ಹೇಳುವ ಗೃಹಸ್ಥನಾದ ಮೇಲೂ ನನ್ನನ್ನು ಬಿಟ್ಟಿಲ್ಲ. ಆದಕಾರಣ ಬೆಂಗಳೂರಿನಿಂದ ಹೊರಗೆ ಹೊರಟಾಗಲೆಲ್ಲ ಹಲಗೆಯೂ ಸಂಗಡ ಹೊರಡುತ್ತದೆ. ಲಂಡನ್ನಿನ ಥೇಮ್ಸ್ ದಂಡೆಯ ಸೌತ್‌ಬ್ಯಾಂಕ್ ಕಟ್ಟಡದ ಅಡಿಯ ಕಾಂಕ್ರೀಟು ಇಳಿಜಾರುಗಳನ್ನೂ, ಅಂಗಡಿಮಳಿಗೆಗಳಿಗೆ ಬಲಿಯಾಗಬೇಕಾಗಿದ್ದ ಆ ಜಾಗವನ್ನು ಆಟಗಾರರೇ ಹೋರಾಡಿ 2014ರಲ್ಲಿ ಉಳಿಸಿಕೊಂಡ ಪರಿಯನ್ನೂ ಕಂಡವನಿಗೆ, ಅಥವಾ ಬಾರ್ಸಿಲೋನಾದಲ್ಲಿ ರಿಚರ್ಡ್ ಮಾಯರ್ ವಿನ್ಯಾಸಗೊಳಿಸಿದ, 1995ರಲ್ಲಿ ತೆರೆದ ಸಮಕಾಲೀನ ಕಲಾಸಂಗ್ರಹಾಲಯದ ಮುಂದಿನ ನುಣುಪಾದ ಕಲ್ಲುಹಾಸಿನ ಮೇಲೆ ಲೋಕದ ನಾನಾ ಮೂಲೆಗಳಿಂದ ಬಂದ ಹುಡುಗರು ಸಂಜೆಯವರೆಗೂ ಬಿದ್ದೇಳುವುದನ್ನು ನೋಡಿದವನಿಗೆ, ತನ್ನ ಹಲಗೆಯನ್ನು ಮನೆಯಲ್ಲಿ ಬಿಟ್ಟು ಅಲ್ಲಿಗೆ ಹೋಗುವುದು ಎಷ್ಟು ವ್ಯರ್ಥವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೇ ಬಾಡಿಗೆಗೆ ಪಡೆಯಬಹುದಲ್ಲ ಎಂದು ಕೇಳುವವರುಂಟು. ಪಾದಕ್ಕೆ ಒಗ್ಗಿದ ಹಲಗೆ ಮೆಟ್ಟಿ ಮೆಟ್ಟಿ ಹದವಾದ ಚಪ್ಪಲಿಯಂಥದು. ಪರರದು ಅಳತೆಗೆ ಸರಿಹೋದರೂ ಕಾಲಿಗೆ ಹೊಂದದು.

ಚೆಕ್‌-ಇನ್ ಕೌಂಟರಿನ ಹುಡುಗಿಯರಿಗೆ ಮಾತ್ರ ನನ್ನ ಮುಖಕ್ಕೂ ನನ್ನ ಚೀಲಕ್ಕೂ ಸಂಬಂಧ ಕಲ್ಪಿಸುವುದು ಕಷ್ಟ.

“ಮಗನಿಗೆ ತಗೊಂಡ್ ಹೋಗ್ತಿದ್ದೀರಾ ಸಾರ್?”

“ಇಲ್ಲಮ್ಮ, ನನ್ನದೇ.”

“ಓ... ಓಕೆ ಸಾರ್. ಸ್ಪೋರ್ಟ್ಸ್ ಐಟಮ್ಮಲ್ವಾ, ಇಲ್ಲೊಂದ್ ಸೈನ್ ಮಾಡ್ಬಿಡಿ.”

ಆ ಸಹಿಯ ಚೀಟಿಯ ವಿಷಯವನ್ನು ಮುಂದೆ ಹೇಳುತ್ತೇನೆ. ಅದು ನಗುನಗುತ್ತ ಹಾಕಿಬಿಡಬಹುದಾದ ಸಹಿಯಲ್ಲ.

ಬಹಳ ಹಿಂದಿನ ಮಾತು. ಗಾಲಿಗಳೂ, ಅವನ್ನು ಹಲಗೆಗೆ ಕೂಡಿಸುವ ‘ಟ್ರಕ್ಕು’ ಎಂಬ ಲೋಹದ ಅಚ್ಚುಗಳೂ ಜೋಡಿಸಿದ್ದಂತೆಯೇ ಇದ್ದ ಬೋರ್ಡನ್ನು ದಪ್ಪನೆಯ ಕ್ಯಾನ್ವಾಸು ಚೀಲದಲ್ಲಿಟ್ಟು, ಸುತ್ತಲೂ ಬಟ್ಟೆ ತುರುಕಿ, ಮೇಲೆ ‘ನಾಜೂಕು ವಸ್ತು’ ಎಂಬ ಕೆಂಪು ಚೀಟಿಯನ್ನು ಅಂಟಿಸಿ ಕಳುಹಿಸಿದ್ದೆ. ಎರಡು ವಿಮಾನಗಳನ್ನು ಬದಲಿಸಿ ಅದು ನನ್ನ ಕೈಗೆ ಬಂದಾಗ ಕೆಂಪು ಚೀಟಿ ಅಕ್ಷತವಾಗಿತ್ತು. ಚೀಲದ ಒಂದು ಪಾರ್ಶ್ವದಲ್ಲಿ ಮಾತ್ರ ಹೆಬ್ಬೆರಳು ತೂರುವಷ್ಟು ತೂತಾಗಿ, ಅದರೊಳಗಿನಿಂದ ಟ್ರಕ್ಕಿನ ಅಚ್ಚುಕಡ್ಡಿಯ ತುದಿ ಇಣಿಕಿ ನೋಡುತ್ತಿತ್ತು. ತುದಿಯ ಮರೆಗಳು ಜಜ್ಜಿಹೋಗಿದ್ದುದರಿಂದ ನಟ್ಟನ್ನು ಬಿಚ್ಚುವುದಕ್ಕೂ ಬಾರದು, ಬಿಚ್ಚಿದ ಮೇಲೆ ಹಾಕುವುದಕ್ಕೂ ಬಾರದು. ಹಲಗೆಯ ಬಾಲದ ತುದಿಯಲ್ಲಿ, ಯಾರೋ ಚೀಲವನ್ನು ನೆಟ್ಟಗೆ ಕುಕ್ಕಿದ್ದರಿಂದಿರಬೇಕು, ಮೇಲಿನ ಎರಡು ಪದರಗಳು ಬಾಯಿಬಿಟ್ಟಿದ್ದವು. ಆ ಚೀಟಿಯನ್ನು ಓದುವಷ್ಟು ವ್ಯವಧಾನ, ಸಾಲುಗಟ್ಟಿ ನಿಂತ ನೂರಾರು ಪೆಟ್ಟಿಗೆಗಳನ್ನು ಅರ್ಧಗಂಟೆಯೊಳಗೆ ವಿಮಾನಕ್ಕೆ ತುಂಬಬೇಕಾದ ಆ ದುಡಿಮೆಗಾರನಿಗೆ ಎಲ್ಲಿಂದ ಬರಬೇಕು? ಪೆಟ್ಟಿಗೆಯು ಪರರ ಕರುಣೆಯನ್ನು ಬೇಡದಂತೆ ಕಟ್ಟುವುದೇ ಮೇಲು.

ಅಂದಿನಿಂದ ನಾನು ಬೋರ್ಡನ್ನು ಬಿಚ್ಚಿಯೇ ಒಯ್ಯುತ್ತೇನೆ. ಎಂಟು ಬೋಲ್ಟುಗಳನ್ನು ತೆಗೆದರೆ ಎರಡು ಟ್ರಕ್ಕುಗಳೂ ಗಾಲಿಗಳ ಸಮೇತ ಕಳಚಿಬರುತ್ತವೆ. ಮನೆಯಲ್ಲಿ ಕಾಫಿ ಸೋಸಿ ಇಳಿಯುವಷ್ಟು ಹೊತ್ತಿನ ಕೆಲಸ. ಉಳಿಯುವುದು ಸಪಾಟಾದ ಹಲಗೆ. ಅದರ ಎರಡು ತುದಿಗಳಿಗೆ ಮಾತ್ರ ರಟ್ಟನ್ನು ನಾಲ್ಕು ಮಡಿಕೆಯಾಗಿ ಮಡಿಸಿ ಟೋಪಿಯಂತೆ ತೊಡಿಸಿ ಟೇಪು ಸುತ್ತುತ್ತೇನೆ. ನಡುಭಾಗಕ್ಕೆ ಏನನ್ನೂ ಸುತ್ತುವುದಿಲ್ಲ, ಏಕೆಂದರೆ ಅಲ್ಲಿಗೆ ರಕ್ಷಣೆ ಬೇಕಾಗಿಲ್ಲ. ಆದರೆ ಹಲಗೆಯ ಮೇಲ್ಮೈಗೆ ಅಂಟಿಸಿರುವ ಗ್ರಿಪ್ ಎಂಬ ಕರಿಯ ಉಪ್ಪುಕಾಗದವುಂಟಲ್ಲ, ಅದರಿಂದ ಉಳಿದ ಸಾಮಾನನ್ನು ರಕ್ಷಿಸಬೇಕಾಗುತ್ತದೆ: ಒಂದು ರಾತ್ರಿಯ ಪ್ರಯಾಣದಲ್ಲಿ ಅದು ರೇಷ್ಮೆಯ ಅಂಗಿಯೊಂದನ್ನು ಉಜ್ಜಿ ಉಜ್ಜಿ ಜಾಲರಿಯಾಗಿಸಿದ್ದನ್ನು ಮನೆಯವರು ಇನ್ನೂ ಮರೆತಿಲ್ಲ. ಹಳೆಯ ಪಂಚೆಯೊಂದನ್ನು ಎರಡು ಸುತ್ತು ಸುತ್ತಿದರೆ ಸಾಕು. ಟ್ರಕ್ಕುಗಳನ್ನು ಒಂದೊಂದಾಗಿ ದಪ್ಪ ಕಾಲುಚೀಲದೊಳಗೆ ತೂರಿಸಿ ಚೀಲದ ಮಧ್ಯದಲ್ಲಿ, ಬಟ್ಟೆಗಳ ನಡುವೆ, ಯಾವ ಗೋಡೆಗೂ ತಾಗದಂತೆ ಇಡಬೇಕು. ಬಿಚ್ಚಿದ ಬೋಲ್ಟುಗಳನ್ನು ಹಲಗೆಯ ತೂತುಗಳಲ್ಲಿಯೇ ಕೂರಿಸಿ ನಟ್ಟನ್ನು ಎರಡು ಸುತ್ತು ತಿರುಗಿಸಿಟ್ಟರೆ ಅವು ಕಳೆದುಹೋಗುವ ಭಯವಿಲ್ಲ.

ಇನ್ನು ಪೆಟ್ಟಿಗೆಯ ಅಳತೆಯ ಪ್ರಶ್ನೆ. ಹಲಗೆಯ ಉದ್ದ ಸುಮಾರು 80 ಸೆಂಟಿಮೀಟರು, ಅಗಲ 20. ಸಾಮಾನ್ಯವಾದ ದೊಡ್ಡ ಸೂಟ್‌ಕೇಸಿನ ಒಳಗಿನ ಉದ್ದವಾದರೋ 70ರ ಆಸುಪಾಸು. ಗಣಿತದ ಅಧ್ಯಾಪಕರಾದ ನನ್ನ ಮಿತ್ರರೊಬ್ಬರು ಇದನ್ನು ಕೇಳಿ, ಬೌಧಾಯನ ಶುಲ್ಬಸೂತ್ರದ ಕಾಲದಿಂದಲೂ ನಮ್ಮವರಿಗೆ ಕರ್ಣದ ಮಹಿಮೆ ಗೊತ್ತಿರುವಾಗ ಮೂಲೆಯಿಂದ ಮೂಲೆಗೆ ಇಡುವುದಕ್ಕೆ ಅಡ್ಡಿಯೇನೆಂದು ಆಕ್ಷೇಪಿಸಿದರು. 70ಕ್ಕೆ 46ರ ಪೆಟ್ಟಿಗೆಯ ಕರ್ಣ ಹತ್ತಿರ ಹತ್ತಿರ 84 ಆಗುತ್ತದೆಂಬುದು ನಿಜ. ಆದರೆ ಆ ಲೆಕ್ಕ ಅಗಲವಿಲ್ಲದ ರೇಖೆಗೆ ಸಲ್ಲುತ್ತದೆಯೇ ಹೊರತು ಒಂದು ಗೇಣು ಅಗಲದ ಹಲಗೆಗೆ ಸಲ್ಲುವುದಿಲ್ಲ. ಓರೆಯಾಗಿಸಿದಷ್ಟೂ ಅದರ ಹೆಗಲುಗಳು ಪಕ್ಕದ ಗೋಡೆಗಳಿಗೆ ತಗಲಿ ನಿಲ್ಲುತ್ತವೆ. ಮಿತ್ರರು ನಮ್ಮ ಮನೆಯ ನಡುಮನೆಯಲ್ಲಿ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕುಳಿತು ಬಹಳ ಹೊತ್ತು ಪ್ರಯತ್ನಿಸಿ, ಕೊನೆಗೆ ಕಾಫಿಯನ್ನು ಸ್ವೀಕರಿಸಿ ಸುಮ್ಮನಾದರು. ಆದ್ದರಿಂದ ಉದ್ದನೆಯ ಮೆತ್ತನೆಯ ಡಫಲ್ ಚೀಲವೇ ಉಚಿತ. ಅನೇಕ ವಿಮಾನ ಸಂಸ್ಥೆಗಳು ಉದ್ದ, ಅಗಲ, ಎತ್ತರಗಳ ಮೊತ್ತ 158 ಸೆಂಟಿಮೀಟರನ್ನು ಮೀರಬಾರದೆನ್ನುವುದರಿಂದ 90, 35, 33ರ ಚೀಲ ಆ ಮಿತಿಯೊಳಗೇ ಕೂರುತ್ತದೆ; ಹಲಗೆಯನ್ನು ಅದರ ತಳಕ್ಕೆ ಹಾಸಿದರೆ ಚೀಲಕ್ಕೂ ಬೆನ್ನೆಲುಬು ಬಂದಂತಾಗುತ್ತದೆ. ಇಡೀ ಬೋರ್ಡಿನ ತೂಕ ಮೂರು ಕಿಲೋದೊಳಗೇ ಇರುವುದರಿಂದ ತೂಕದ ಚಿಂತೆ ದೊಡ್ಡದಲ್ಲ. ಇಂಥ ಉದ್ದ ಚೀಲಗಳು ಎಷ್ಟೋ ವೇಳೆ ಎಲ್ಲರ ಪೆಟ್ಟಿಗೆಗಳೊಡನೆ ಸುತ್ತುಪಟ್ಟಿಯ ಮೇಲೆ ಬರದೆ, ದೊಡ್ಡ ಸಾಮಾನಿಗೆಂದು ಮೀಸಲಾದ ಬೇರೊಂದು ಬಾಗಿಲಿನಲ್ಲಿ ಬರುತ್ತವೆಂಬುದನ್ನು ನೆನಪಿಟ್ಟರೆ ಖಾಲಿ ಪಟ್ಟಿಯ ಮುಂದೆ ಕಳವಳದಿಂದ ನಿಲ್ಲುವುದು ತಪ್ಪುತ್ತದೆ.

ಪೆಟ್ಟಿಗಿಂತಲೂ ಘಾತಕವಾದದ್ದು ನೀರು. ಆಷಾಢದ ಮಳೆಯಲ್ಲಿ, ವಿಮಾನ ಇನ್ನೂ ಬಾರದೆ, ಸಾಮಾನಿನ ಗಾಡಿಗಳು ಬಯಲಲ್ಲಿ ನಿಂತಿರುವುದನ್ನು ಕಿಟಕಿಯ ಬಳಿ ಕುಳಿತ ಯಾರಾದರೂ ಕಂಡಿರುತ್ತಾರೆ. ಹಲಗೆಯ ಅಂಚುಗಳಲ್ಲಿಯೂ ಬೋಲ್ಟಿನ ತೂತುಗಳಲ್ಲಿಯೂ ಬಣ್ಣವಿಲ್ಲದ ಬರಿಯ ಮರ ತೆರೆದಿರುವುದರಿಂದ ನೀರು ಅಲ್ಲಿಂದ ಒಳಹೊಕ್ಕು ಪದರಗಳನ್ನು ಸಡಿಲಿಸುತ್ತದೆ, ಮರದ ಪುಟಿತವನ್ನು ಕೊಲ್ಲುತ್ತದೆ. ಒಣಗಿದ ಮೇಲೆ ನೋಡುವುದಕ್ಕೆ ಮೊದಲಿನಂತೆಯೇ ಕಂಡರೂ ನೆಲಕ್ಕೆ ಬಡಿದಾಗ ಹೊರಡುವ ಮಂಕು ಸದ್ದೇ ಸಾಕ್ಷಿ. ದಪ್ಪ ಪ್ಲಾಸ್ಟಿಕ್ ಹೊದಿಕೆ ಇದಕ್ಕೆ ಪರಿಹಾರ. ಆದರೆ ಆಡಿದ ಹಲಗೆಯನ್ನು ಹಸಿಯಾಗಿಯೇ ಅದರೊಳಗೆ ಕಟ್ಟಿಡುವುದು ಮಳೆಗೆ ಬಿಡುವುದಕ್ಕಿಂತಲೂ ಕೆಟ್ಟದ್ದು. ಉಕ್ಕಿನ ಬೇರಿಂಗುಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಹೊರಡುವ ಮುನ್ನ ಒರೆಸಿ ಒಂದೊಂದು ಹನಿ ಎಣ್ಣೆ ಬಿಟ್ಟರೆ ತುಕ್ಕಿನ ಭಯವಿರದು.

ವಿಮಾನದೊಳಕ್ಕೇ ಒಯ್ಯಬಾರದೇ ಎಂದರೆ, ಅಮೆರಿಕದ ಭದ್ರತಾ ತಪಾಸಣೆಯವರು ಸ್ಕೇಟ್‌ಬೋರ್ಡನ್ನು ಕೈಸಾಮಾನಾಗಿ ಬಿಡುತ್ತಾರೆ, ಕೊನೆಯ ಮಾತು ವಿಮಾನ ಸಂಸ್ಥೆಯದು. ನಮ್ಮಲ್ಲಿ ಅದಕ್ಕೆ ಪ್ರಯತ್ನಿಸಿ ಫಲವಿಲ್ಲವೆಂಬುದು ನನ್ನ ಅನುಭವ. ಒಮ್ಮೆ ಗಾಲಿಗಳನ್ನಷ್ಟೇ ಬೆನ್ನುಚೀಲದಲ್ಲಿಟ್ಟು ಹೊರಟಾಗ ಎಕ್ಸ್‌-ರೇ ಯಂತ್ರದ ಪರದೆಯ ಮೇಲೆ ಮೂಡಿದ ನಾಲ್ಕು ಕಪ್ಪು ವೃತ್ತಗಳನ್ನು ಕಂಡು ಜವಾನರೊಬ್ಬರು ಚೀಲವನ್ನು ಪಕ್ಕಕ್ಕೆ ಸರಿಸಿ, “ಯೇ ಕ್ಯಾ ಹೈ ಸಾಬ್?” ಎಂದರು. ಗಾಲಿಯೊಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತಿರುಗಿಸಿ ತೋರಿಸಿದೆ. ಅವರು ಅದನ್ನು ಇಸಿದುಕೊಂಡು ತಾವೂ ತಿರುಗಿಸಿದರು. ಅದು ನಿಲ್ಲದೆ ತಿರುಗುತ್ತಿರುವುದನ್ನು ಕಂಡು ಪಕ್ಕದವರನ್ನು ಕರೆದು ತೋರಿಸಿದರು. ನನ್ನ ಹಿಂದಿನ ಸಾಲು ಗೊಣಗಿಕೊಳ್ಳುತ್ತಿತ್ತು. ಗಾಲಿಗಳೇನೋ ಪಾರಾದುವು. ಆದರೆ ನಟ್ಟು ಬಿಚ್ಚುವ ಟಿ-ಆಕಾರದ ಸ್ಕೇಟ್ ಟೂಲ್ ಮಾತ್ರ ಎಂದಿಗೂ ಕೆಳಗೆ ಹೋಗುವ ಚೀಲದಲ್ಲಿಯೇ ಇರತಕ್ಕದ್ದು.

ಬ್ಯಾಟರಿಯಿಂದ ಓಡುವ ಬೋರ್ಡುಗಳ ನಿಯಮ ಇದಕ್ಕೆ ತದ್ವಿರುದ್ಧ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಾದರೆ ಸಿಬ್ಬಂದಿ ಕಂಡು ಆರಿಸಬಲ್ಲರು, ಕೆಳಗಿನ ಉಗ್ರಾಣದಲ್ಲಾದರೆ ಕೈಗೆಟುಕದು. ಅದಕ್ಕಾಗಿಯೇ ಬಿಡಿ ಬ್ಯಾಟರಿಯನ್ನು ಕೆಳಕ್ಕೆ ಕಳುಹಿಸಗೊಡುವುದಿಲ್ಲ, ಮೇಲೆ ಒಯ್ಯುವುದಕ್ಕೂ 100 ವ್ಯಾಟ್-ಗಂಟೆಯ ಮಿತಿಯಿದೆ, ಸಂಸ್ಥೆಯ ಅನುಮತಿಯಿದ್ದರೆ 160. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಲೆಕ್ಕ ಸಿಕ್ಕುತ್ತದೆ: 36 ವೋಲ್ಟಿನ, 4 ಆಂಪಿಯರ್-ಗಂಟೆಯ ಬ್ಯಾಟರಿ 144 ಆಗುತ್ತದೆ. ನನಗೆ ಈ ಗೊಡವೆಯಿಲ್ಲ; ಕಾಲಿನಿಂದ ಒದ್ದು ಓಡಿಸುವುದನ್ನು ಬಿಟ್ಟರೆ ಆ ಆಟದಲ್ಲಿ ಸ್ವಾರಸ್ಯವೇನು ಉಳಿಯುವುದೆಂದು ತಿಳಿಯದ ಹಳಬ ನಾನು.

ಈಗ ಆ ಸಹಿಯ ಚೀಟಿ. ಸರಿಯಾಗಿ ಕಟ್ಟಿಲ್ಲದ ವಸ್ತು, ಒಡೆಯಬಹುದಾದ ವಸ್ತು ಎಂದು ತಮ್ಮ ಹೊಣೆಯನ್ನು ಮೊದಲೇ ಕಡಿಮೆಮಾಡಿಕೊಳ್ಳುವ ಕಾಗದವದು. ಓದಿ, ಚೀಲವನ್ನು ತೆರೆದು ತೋರಿಸಿ, ಕಟ್ಟಿದ್ದು ಸರಿಯಾಗಿದೆಯೆಂದು ವಾದಿಸಿ ಸಹಿಯನ್ನು ತಪ್ಪಿಸಿಕೊಂಡದ್ದೂ ಉಂಟು. ಭಾರತವು 2009ರಲ್ಲಿ ಸೇರಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನು ಕೆಟ್ಟಿದ್ದರೆ, ಅದು ಕೈಸೇರಿದ ಏಳು ದಿನಗಳೊಳಗೆ ಲಿಖಿತವಾಗಿ ದೂರು ಕೊಡಬೇಕು; ವಸ್ತುವಿನ ಸ್ವಂತ ದೋಷದಿಂದಾದ ಹಾನಿಗೆ ಸಂಸ್ಥೆ ಹೊಣೆಯಲ್ಲ. ನನ್ನ ಬಿರಿದ ಹಲಗೆಗೆ ಸಿಕ್ಕ ಉತ್ತರವೂ ಅದೇ ಆಗಿತ್ತು, ಅದು ಮೊದಲೇ ಬಿರಿದಿತ್ತೆಂದು! ಆಮೇಲಿನಿಂದ ಕೌಂಟರಿನ ಮುಂದೆಯೇ ಹಲಗೆಯ ನಾಲ್ಕು ದಿಕ್ಕುಗಳ ಫೋಟೋ ತೆಗೆದುಕೊಳ್ಳುತ್ತೇನೆ, ಸಾಮಾನಿನ ಹಜಾರವನ್ನು ಬಿಡುವ ಮುನ್ನ ಚೀಲವನ್ನು ಬಿಚ್ಚಿ ನೋಡುತ್ತೇನೆ.

ತಲುಪಿದ ಮೇಲೆ ಜೋಡಿಸುವಾಗ, ಗಾಲಿಗಳನ್ನೂ ಕಳಚಿದ್ದ ಪಕ್ಷದಲ್ಲಿ, ಗಾಲಿಯ ನಟ್ಟನ್ನು ಪೂರ್ತಿ ಬಿಗಿದು, ಅನಂತರ ಕಾಲು ಸುತ್ತಿನಷ್ಟು ಸಡಿಲಿಸಿ, ಗಾಲಿ ಅತ್ತಿತ್ತ ಒಂದು ಕೂದಲೆಳೆಯಷ್ಟು ಅಲುಗಾಡುವಂತೆ ಬಿಡಬೇಕು. ಒಳಗೆ ನೈಲಾನ್ ಉಂಗುರವಿರುವ ಗಾಲಿಯ ನಟ್ಟುಗಳೂ ಬೋಲ್ಟಿನ ನಟ್ಟುಗಳೂ ಪದೇ ಪದೇ ಬಿಚ್ಚಿ ಹಾಕಿದಂತೆಲ್ಲ ಹಿಡಿತವನ್ನು ಕಳೆದುಕೊಳ್ಳುವುದರಿಂದ ಬಿಚ್ಚಿ ಒಯ್ಯುವ ನನ್ನಂಥವನು ಹೊಸ ನಟ್ಟುಗಳನ್ನು ಸಂಗಡ ಇಟ್ಟುಕೊಂಡಿರಲೇಬೇಕು. ಎಲ್ಲಾದರೂ ಸಿಕ್ಕೀತೆಂಬ ಭರವಸೆ ಬೇಡ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನನ್ನ ಬೋಲ್ಟನ್ನು ಮುಂದಿಟ್ಟಾಗ ಯಜಮಾನರು ಐದು ಮಿಲಿಮೀಟರಿನ ನಟ್ಟೊಂದನ್ನು ಡಬ್ಬಿಯಿಂದ ಹೆಕ್ಕಿ ಅದಕ್ಕೆ ತಿರುಗಿಸಿದರು; ಅದು ಸಲೀಸಾಗಿ ಏರಿತು, ನನಗೆ ಸಂತೋಷವೂ ಆಯಿತು. ಅವರು ಮಾತ್ರ ಬೋಲ್ಟನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, “ಹತ್ತುತ್ತೆ ಸಾರ್, ಆದ್ರೆ ಹಿಡಿಯಲ್ಲ. ಇದು ಇಂಚಿನ ಮರೆ, ಅದು ಎಂಎಂ. ಓಡಿಸ್ತಾ ಓಡಿಸ್ತಾ ಬಿಚ್ಕೊಂಡ್ ಬಿಡತ್ತೆ” ಎಂದು ನಟ್ಟನ್ನು ಮತ್ತೆ ಡಬ್ಬಿಗೆ ಹಾಕಿಕೊಂಡರು. ಮಾರಿದ್ದರೆ ಎರಡು ರೂಪಾಯಿ ಸಿಕ್ಕುತ್ತಿತ್ತು.