ತಿಗುರಿಗೆ ಮೋಟಾರು: ವೇಗ ಇಳಿಯಲಿ, ಬಲ ಇಳಿಯದಿರಲಿ

ಕುಂಬಾರಿಕೆಯ ತಿಗುರಿಗೆ ಹಳೆಯ ಸಿಂಗಲ್ ಫೇಸ್ ಮೋಟಾರು ಕೂರಿಸಿ, ಫ್ಯಾನ್ ರೆಗ್ಯುಲೇಟರ್‌ನಿಂದ ವೇಗ ತಗ್ಗಿಸಲು ಹೋಗುವವರು ಬಹಳ. ಖಾಲಿ ತಿಗುರಿ ಚೆನ್ನಾಗಿಯೇ ತಿರುಗುತ್ತದೆ. ಮಣ್ಣಿನ ಮುದ್ದೆ ಇಟ್ಟು ಒತ್ತಿದೊಡನೆ ನಿಲ್ಲುತ್ತದೆ. ರೆಗ್ಯುಲೇಟರ್ ಇಳಿಸುವುದು ವೋಲ್ಟೇಜನ್ನು. ಅದು ಅರ್ಧಕ್ಕಿಳಿದರೆ ಇಂಡಕ್ಷನ್ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಕಾಲು ಭಾಗಕ್ಕೆ ಕುಸಿಯುತ್ತದೆ. ದಯವಿಟ್ಟು ಆ ದಾರಿ ಬೇಡ.

ಮೊದಲು ಬೇಕಾದ ವೇಗ ಗೊತ್ತುಮಾಡಿಕೊಳ್ಳಿ. ಮುದ್ದೆಯನ್ನು ನಡುವಿಗೆ ಕೂರಿಸುವಾಗ ನಿಮಿಷಕ್ಕೆ ಸುಮಾರು 200ರಿಂದ 250 ಸುತ್ತು, ಗೋಡೆ ಎತ್ತುವಾಗ 100ರ ಆಸುಪಾಸು ಸಾಕು.

ಮೋಟಾರು ಅರ್ಧ ಎಚ್‌ಪಿಯದು, ತ್ರೀ ಫೇಸ್, ನಾಲ್ಕು ಪೋಲ್‌ನದು ಇರಲಿ. ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದರೂ ಚಿಂತೆಯಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಇದು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಟಾರ್ಕ್ ಸುಮಾರು 2.5 ನ್ಯೂಟನ್ ಮೀಟರ್. ಮೋಟಾರಿಗೆ 3 ಇಂಚಿನ ಪುಲ್ಲಿ, ತಿಗುರಿಯ ಅಚ್ಚಿಗೆ 15 ಇಂಚಿನದು ಹಾಕಿ ವಿ-ಬೆಲ್ಟ್ ಬಿಗಿದರೆ ವೇಗ 288ಕ್ಕೆ ಇಳಿದು, ಟಾರ್ಕ್ ಐದು ಪಟ್ಟು ಹೆಚ್ಚಿ 12ರ ಹತ್ತಿರ ಬರುತ್ತದೆ. ಅಂದರೆ ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಸುಮಾರು 12 ಕೆ.ಜಿ. ಭಾರದಷ್ಟು ತಡೆ ಬಂದರೂ ತಿಗುರಿ ನಿಲ್ಲದು. ನಿಜವಾದ ಬಲ ಸಿಗುವುದು ಈ ಪುಲ್ಲಿಗಳಿಂದಲೇ. ಇಲ್ಲಿ ಉಳಿತಾಯ ಮಾಡಿದರೆ ಮುಂದೆ ವೇಗ ನಿಯಂತ್ರಿಸುವ ಎಷ್ಟು ದುಬಾರಿ ಡ್ರೈವ್ ತಂದರೂ ಪ್ರಯೋಜನವಿಲ್ಲ.

ಇನ್ನು ವೇಗದ ನಿಯಂತ್ರಣ. ಅದಕ್ಕೆ ವಿಎಫ್‌ಡಿ, ಅಂದರೆ ಫ್ರೀಕ್ವೆನ್ಸಿ ಬದಲಿಸಿ ಮೋಟಾರಿನ ವೇಗ ಹೊಂದಿಸುವ ಡ್ರೈವ್, ಬೇಕು. ಅದು 230 ವೋಲ್ಟ್‌ನ ಸಿಂಗಲ್ ಫೇಸ್ ಪಡೆದು 230 ವೋಲ್ಟ್‌ನ ತ್ರೀ ಫೇಸ್ ಕೊಡುವಂಥದ್ದಾಗಿರಲಿ. ವೋಲ್ಟೇಜಿನ ಜೊತೆಗೆ ಫ್ರೀಕ್ವೆನ್ಸಿಯನ್ನೂ ಅದೇ ಪ್ರಮಾಣದಲ್ಲಿ ಇಳಿಸುವುದರಿಂದ ಟಾರ್ಕ್ ಬಹುಮಟ್ಟಿಗೆ ಉಳಿಯುತ್ತದೆ. ಕೊಳ್ಳುವ ಮುನ್ನ ಮೋಟಾರಿನ ಟರ್ಮಿನಲ್ ಪೆಟ್ಟಿಗೆ ತೆರೆಸಿ ನೋಡಿ. 415 ವೋಲ್ಟ್ ಸ್ಟಾರ್ ಎಂದು ನೇಮ್‌ಪ್ಲೇಟ್‌ನಲ್ಲಿದ್ದು, ಆರು ತಂತಿ ಹೊರಗೆ ಬಂದಿದ್ದರೆ ಅದನ್ನು ಡೆಲ್ಟಾಕ್ಕೆ ಬದಲಾಯಿಸಿ ಓಡಿಸಬಹುದು. ಮೂರೇ ತಂತಿಯಿದ್ದರೆ ವೈಂಡಿಂಗ್ ಅಂಗಡಿಯವರಿಂದ ಉಳಿದವನ್ನೂ ಹೊರತೆಗೆಸಬೇಕಾಗುತ್ತದೆ.

ಡ್ರೈವ್‌ನಲ್ಲಿ ನೇಮ್‌ಪ್ಲೇಟಿನ ಕರೆಂಟ್ ತುಂಬಿ. ಗರಿಷ್ಠ 50 ಹರ್ಟ್ಜ್, ಕನಿಷ್ಠ 10, ವೇಗ ಏರಲು ನಾಲ್ಕೈದು ಸೆಕೆಂಡ್ ಇಟ್ಟರೆ ಮುದ್ದೆ ಎಗರುವುದಿಲ್ಲ. 25 ಹರ್ಟ್ಜ್‌ಗೆ ತಿಗುರಿ 140ರ ಸಮೀಪ ತಿರುಗುತ್ತದೆ. ಡ್ರೈವ್‌ನ ಕೈಪಿಡಿಯಲ್ಲಿ ಹೇಳಿದ ಪೊಟೆನ್ಷಿಯೋಮೀಟರನ್ನು ಕಾಲಿನ ಪೆಡಲ್‌ಗೆ ಅಳವಡಿಸಿದರೆ ಕೈ ಎರಡೂ ಮಣ್ಣಿನ ಮೇಲೇ ಇರುತ್ತವೆ. ಡ್ರೈವ್‌ಗೂ ಮೋಟಾರಿಗೂ ನಡುವೆ ಸ್ವಿಚ್ ಹಾಕಬೇಡಿ.

ಒದ್ದೆ ಕೈ, ಒದ್ದೆ ನೆಲ: ಮೋಟಾರು, ಡ್ರೈವ್, ಕಬ್ಬಿಣದ ಚೌಕಟ್ಟು ಮೂರಕ್ಕೂ ಅರ್ಥಿಂಗ್ ಇರಲೇಬೇಕು, ವೈರಿಂಗ್ ಪರವಾನಗಿ ಇರುವವರಿಂದಲೇ ಆಗಲಿ. ಕರೆಂಟ್ ತೆಗೆದ ಮೇಲೂ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಕೈಪಿಡಿ ಹೇಳುವಷ್ಟು ನಿಮಿಷ ಕಾದು ಮುಚ್ಚಳ ತೆರೆಯಿರಿ.

20 ಹರ್ಟ್ಜ್‌ಗಿಂತ ಕೆಳಗೆ ಬಹಳ ಹೊತ್ತು ಓಡಿಸಿದರೆ ಮೋಟಾರಿನದೇ ಫ್ಯಾನ್ ನಿಧಾನವಾಗಿ ಮೈ ಬಿಸಿಯೇರುತ್ತದೆ. ಪಕ್ಕದಲ್ಲೊಂದು ಸಣ್ಣ ಫ್ಯಾನ್ ಇಡಿ, ಡ್ರೈವ್ ತೋರಿಸುವ ಕರೆಂಟ್ ನೇಮ್‌ಪ್ಲೇಟಿನ ಅಂಕಿ ದಾಟಿದರೆ ಮುದ್ದೆಯ ಗಾತ್ರ ಇಳಿಸಿ.